ನಾಲ್ಕನೇ ನಂಬರಿನ ಗಂಗವ್ವ

ನನ್ನ ಬಾಯಿ ಒಳ್ಳೆಯದಲ್ಲ. ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಇಪ್ಪತ್ತು ವರ್ಷದಿಂದ ಚಹಾದಂಗಡಿ ಇಟ್ಟಿದ್ದೇನೆ. ಗಿರಾಕಿಗಳು ಬರುವುದು ಚಹಾಕ್ಕೆ, ಈ ಅಯ್ಯಪ್ಪನ ಮಾತಿಗಲ್ಲ. ಆ ಬಾಯಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ರಾಜೂರಿನ ಯಮನೂರಪ್ಪ ಕಾಕಾ. ಅವನ ಉಪಕಾರ ನನ್ನಿಂದ ಈ ಜನ್ಮದಲ್ಲಿ ತೀರುವುದಿಲ್ಲ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ.

ಕಾಕಾ ಮೂವತ್ತು ವರ್ಷ ಪುಣೆಯಲ್ಲಿ ರೇಸಿನ ಕುದುರೆಗಳ ಮೈ ತೊಳೆದು ಮೇವು ಹಾಕಿದವನು. ಮೊಣಕಾಲು ಸೋತ ಮೇಲೆ ಊರಿಗೆ ಬಂದ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನನ್ನ ಬೆಂಚಿನ ಮೇಲೆ ಕೂತನೆಂದರೆ ಕುದುರೆ ಪುರಾಣ ಶುರು. ಅದರಲ್ಲೂ ಗಂಗವ್ವನದು. ಕಾಗದದಲ್ಲಿ ಆ ಹೆಣ್ಣು ಕುದುರೆಗೆ ಯಾವುದೋ ಇಂಗ್ಲಿಷ್ ಹೆಸರಿತ್ತಂತೆ. ನಾಲಿಗೆ ಹೊರಳದೆ ಇವನು ತನ್ನ ತಾಯಿಯ ಹೆಸರಿಟ್ಟುಕೊಂಡಿದ್ದ. ಅದು ಎರಡು ವರ್ಷದ ಹಿಂದೆ ಹೊಟ್ಟೆನೋವು ಬಂದು ಇವನ ಕಣ್ಣೆದುರೇ ಸತ್ತದ್ದನ್ನು ನೂರು ಸಲ ಕೇಳಿದ್ದೇನೆ. ಸತ್ತ ಕುದುರೆಗೆ ಇನ್ನೂ ಎಷ್ಟು ದಿನ ಮೇವು ಹಾಕ್ತೀ ಎಂದು ನಾಲ್ಕು ಜನರ ಮುಂದೆ ಅಂದದ್ದೂ ಉಂಟು. ಅವನು ನಕ್ಕು ಲೋಟ ತೊಳೆದಿಟ್ಟು ಹೋಗುತ್ತಿದ್ದ.

ಕಳೆದ ಬೇಸಿಗೆಯಲ್ಲಿ ನನ್ನ ಅಂಗಡಿಯ ಮಾಳಿಗೆ ಕೋಣೆಯನ್ನು ಕನಕರಾಜ ಎಂಬ ಹೊರಗಿನವನು ಬಾಡಿಗೆಗೆ ಹಿಡಿದ. ದೊಡ್ಡ ಟೀವಿ ಹಾಕಿ, ಪುಣೆಯಲ್ಲಿ ಈಗ ನಡೆಯುತ್ತಿರುವ ರೇಸ್ ಎಂದು ತೋರಿಸುತ್ತಿದ್ದ. ಜನ ಕುದುರೆಯ ನಂಬರ್ ಹೇಳಿ ದುಡ್ಡು ಕಟ್ಟಬೇಕು. ಓಸಿ ಮಟಕಾದವರ ಹಾಗೆ ಕೈಬರಹದ ಚೀಟಿಯಲ್ಲ. ಯಂತ್ರದಿಂದ ಮುದ್ರಣವಾಗಿ, ಮೊಹರು ಬಿದ್ದ ಚೀಟಿ. ಆ ಮೊಹರು ನೋಡಿಯೇ ನಾನು ಮರುಳಾದೆ. ಮೊದಲು ಎರಡು ಸಲ ಗೆದ್ದೆ ಕೂಡ. ಚಹಾ ಕುಡಿಯಲು ಬಂದವರಿಗೆಲ್ಲ ಇದು ಸರಕಾರದ ಲಾಟರಿಗಿಂತ ಖರೇ ಎಂದು ಹೇಳಿ ಮೆಟ್ಟಿಲು ಹತ್ತಿಸಿದೆ.

ಆಮೇಲೆ ಬರೀ ಸೋಲು. ಒಂದು ಭಾನುವಾರ ಕನಕರಾಜ ಕಿವಿಯಲ್ಲಿ ಹೇಳಿದ: ಇವತ್ತು ನಾಲ್ಕನೇ ನಂಬರ್ ಪಕ್ಕಾ, ಬಂಗಾರ ಕೊಟ್ಟರೂ ನಡೆಯುತ್ತದೆ. ನಾನು ಮನೆಗೆ ಹೋಗಿ ಟ್ರಂಕಿನಿಂದ ಹೆಂಡತಿ ರೇಣವ್ವನ ಬೋರಮಾಳ ಸರ ತೆಗೆದುಕೊಂಡು ಬಂದೆ. ಅವಳ ತವರೂರು ಮೆಣಸಗಿಯಲ್ಲಿ ಹೊಳೆ ಏರಿ ಮನೆ ಬಿದ್ದಾಗ ನಮ್ಮತ್ತೆಯ ಕೊರಳಲ್ಲಿತ್ತೆಂದು ಉಳಿದದ್ದು ಅದೊಂದೇ. ಅತ್ತೆ ತೀರಿಕೊಂಡ ಮೇಲೆ ರೇಣವ್ವನಿಗೆ ತವರುಮನೆ ಅಂದರೆ ಆ ಸರ. ಹೇಳದೆ ತಂದೆ. ಬುದ್ಧಿಗೆ ಮಂಕು ಕವಿದಿತ್ತು.

ಒಂದು ಕೈ ಸರವಿದ್ದ ಕಿಸೆಯ ಮೇಲೇ ಇತ್ತಲ್ಲ, ಮೇಲಿನವರಿಗೆ ಚಹಾದ ಕೆಟಲಿ ಒಯ್ಯಲು ಕಾಕಾನಿಗೆ ಹೇಳಿದೆ. ಅವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಟೀವಿಯಲ್ಲಿ ಕುದುರೆಗಳನ್ನು ಸುತ್ತು ನಡೆಸುತ್ತಿದ್ದರು. ನಾನು ಸರವನ್ನು ಕನಕರಾಜನ ಮೇಜಿನ ಮೇಲೆ ಚಾಚಿದ್ದೆ, ಇನ್ನೂ ಕೈ ಬಿಟ್ಟಿರಲಿಲ್ಲ. ಕಾಕಾ ಕೆಟಲಿ ಕೆಳಗಿಟ್ಟು ಟೀವಿಯ ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟ.

"ಇಕಿ ನಮ್ಮ ಗಂಗವ್ವ," ಅಂದ.

ಎಲ್ಲರೂ ನಕ್ಕರು. ನಾನು ಗದರಿದೆ, ಹಿಂದೆ ಸರಿ ಅಂದೆ. ಅವನು ಕದಲಲಿಲ್ಲ. ಹರಿದ ಎಡಗಿವಿ, ಹಿಂದಿನ ಬಲಗಾಲಿನ ಬಿಳುಪು ಎಲ್ಲ ತೋರಿಸಿದ. ಮೈಮೇಲಿನ ನಂಬರ್ ನಾಲ್ಕು.

"ನಾಕಕ್ಕ ಹಚ್ಚಬ್ಯಾಡ ತಮ್ಮಾ. ಅವತ್ತ ಇಕಿಗೆ ಕೆಮ್ಮಿತ್ತ, ಓಡಸಬ್ಯಾಡ್ರಿ ಅಂದ್ರೂ ಕೇಳಲಿಲ್ಲ. ನೀಲಿ ಟೊಪಗಿದು ಗೆದ್ದತಿ, ಇಕಿ ಎರಡನೇದು ಬಂದ್ಲು."

ಲಗೂ ಕೊಡು, ಗೇಟು ತೆಗೆಯುತ್ತಾರೆ ಎಂದು ಕನಕರಾಜ ಅವಸರ ಮಾಡಿದ. ನನ್ನ ಬೆರಳು ಸರ ಬಿಡಲಿಲ್ಲ. ಗೇಟು ತೆರೆಯಿತು, ಕುದುರೆಗಳು ಓಡಿದವು. ನೀಲಿ ಟೊಪ್ಪಿಗೆಯ ಸವಾರನ ಕುದುರೆ ಗೆದ್ದಿತು, ನಾಲ್ಕನೆಯದು ಎರಡನೆಯದಾಗಿ ಬಂತು. ಮುದುಕ ಬಾಯಿಗೆ ಬಂದದ್ದು ಹೇಳಿದ, ಹೊಂದಿಕೊಂಡಿತು ಅಷ್ಟೇ ಎಂದು ಕನಕರಾಜ ನಕ್ಕ. ಅಷ್ಟರಲ್ಲಿ ಟೀವಿಯಲ್ಲಿ ಕರೀ ಅಂಗಿಯ ಆಳೊಬ್ಬ ಕುಂಟುತ್ತ ಓಡಿಬಂದು ಗಂಗವ್ವನ ಲಗಾಮು ಹಿಡಿದ, ಅಂಗಿಯ ತೋಳಿನಿಂದ ಅದರ ಮೂಗು ಒರೆಸಿದ. ಕೂದಲು ಇಷ್ಟು ಬೆಳ್ಳಗಾಗಿರಲಿಲ್ಲ. ಉಳಿದಂತೆ ಅದೇ ಮೂಗು, ಅದೇ ಮೀಸೆ. ಪುಣೆಯಲ್ಲಿ ಈಗ ಕುದುರೆ ಹಿಡಿದು ನಿಂತವನು ನಮ್ಮ ಕೋಣೆಯಲ್ಲಿ ಕೆಟಲಿ ಪಕ್ಕ ನಿಂತಿದ್ದ.

ಎಲ್ಲರೂ ಟೀವಿ ಬಿಟ್ಟು ಕಾಕಾನ ಮುಖ ನೋಡಿದರು. ಮೂರು ವರ್ಷ ಹಳೆಯ ರೇಸು. ಯಾವುದು ಸೋಲುತ್ತದೆಂದು ಗೊತ್ತಿದ್ದೇ ಅದರ ಮೇಲೆ ನಮ್ಮಿಂದ ಕಟ್ಟಿಸಿಕೊಂಡಿದ್ದ ಭಾಡ್ಯಾ. ಕನಕರಾಜ ಬಾಗಿಲಿಗೆ ಹೋಗುವಷ್ಟರಲ್ಲಿ ಹಿಡಿದರು, ಪೊಲೀಸರು ಬಂದರು. ಟೀವಿಯ ವೈರು ಕೀಳುವಾಗ ಕಾಕಾ ಪೊಲೀಸಿನವನ ಬಳಿ ಹೋಗಿ ಮೆಲ್ಲಗೆ ಕೇಳಿದ.

"ಸಾಹೇಬ್ರ, ಇನ್ನೊಂದ ಸಲ ತೋರಸ್ತೀರೇನ್ರಿ?"

ನನಗೆ ಅಲ್ಲೇ ಅಳು ಬಂತು. ಮೇಲೆ ಕಳಿಸಿದ್ದ ಒಬ್ಬೊಬ್ಬರಿಗೂ ಕೈ ಮುಗಿದೆ. ಕೆಲವರು ಬೈದರು, ಬೈಸಿಕೊಂಡೆ. ಸಂಜೆ ರೇಣವ್ವನ ಕೈಗೆ ಸರ ಕೊಟ್ಟು ಎಲ್ಲ ಹೇಳಿದೆ. ಅವಳು ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾಲ್ಕನೇ ದಿನ ತಾನೇ ಅಂಗಡಿಗೆ ಬಂದು, ಕಾಕಾನಿಗೆ ಚಹಾ ಕೊಟ್ಟು, ಗಂಗವ್ವ ಏನು ತಿನ್ನುತ್ತಿದ್ದಳು ಎಂದು ಕೇಳಿದಳು. ಗಜ್ಜರಿ, ಬೆಲ್ಲ ಎಂದ. ಅವನು ಆ ಕಥೆಯನ್ನು ಮೊದಲಿಂದ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ.

ಮಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಹಿಡಿಯುತ್ತೇವೆ. ಈ ಸಲ ಕಾಕಾನನ್ನೂ ಊಟಕ್ಕೆ ಕರೆದಿದ್ದೆವು. ರೇಣವ್ವ ಬೋರಮಾಳ ಹಾಕಿಕೊಂಡು ನಮ್ಮಪ್ಪನಿಗೊಂದು, ನಮ್ಮವ್ವನಿಗೊಂದು, ತನ್ನ ತಾಯಿಗೊಂದು ಎಲೆ ಹಾಕಿ ಹೋಳಿಗೆ ಬಡಿಸಿದಳು. ಆಮೇಲೆ ತನ್ನ ತಾಯಿಯ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿ, ಎರಡು ಗಜ್ಜರಿ, ಒಂದು ಅಚ್ಚು ಬೆಲ್ಲ ಇಟ್ಟಳು. ಕಾಕಾ ನೋಡುತ್ತ ನಿಂತ, ಕಣ್ಣೊರೆಸಿಕೊಂಡ. ಬೆಲ್ಲ ಪುಡಿ ಮಾಡಿದರೇನೇ ಅವಳು ತಿನ್ನೋದು ಎಂದು ಹೇಳಿ, ಬಗ್ಗಿ ಕೂತು ತಾನೇ ಪುಡಿ ಮಾಡಿದ.