ಪಿಂಚಣಿ ದುಡ್ಡಿನ ಗಾಳಿ

ನಾನು ಒಂದು ಟೇಬಲ್ ಫ್ಯಾನು. ಮೈಬಣ್ಣ ಹಸಿರು, ರೆಕ್ಕೆ ಮೂರು. ಕತ್ತಿನ ಹಿಂದೆ ಒಂದು ಪುಟ್ಟ ಪಿನ್ನಿದೆ. ಅದನ್ನು ಒತ್ತಿದರೆ ನಾನು ಅತ್ತಿತ್ತ ತಲೆ ತಿರುಗಿಸುತ್ತ ಕೋಣೆಯಲ್ಲಿದ್ದವರಿಗೆಲ್ಲ ಗಾಳಿ ಹಂಚುತ್ತೇನೆ. ಮೇಲಕ್ಕೆ ಎಳೆದರೆ ಯಾರೋ ಒಬ್ಬರ ಮುಖಕ್ಕೇ ಊದುತ್ತ ನಿಂತುಬಿಡುತ್ತೇನೆ. ಆ ಪಿನ್ನನ್ನು ಯಾರು ಹೇಗೆ ಇಟ್ಟರು ಎಂಬುದನ್ನು ನೋಡಿಯೇ ನಾನು ಮನುಷ್ಯರನ್ನು ಅಳೆಯುವುದು.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ, ಅದೂ ಚಳಿಗಾಲದಲ್ಲಿ. ಕೊನೆಯ ಪರೀಕ್ಷೆಯ ಮೇಜಿನ ಮೇಲೆ ಒಬ್ಬ ಹೆಣ್ಣುಮಗಳು ನನ್ನನ್ನು ಮೊದಲ ಸಲ ಓಡಿಸಿದಳು. ನಾನು ಎಡಕ್ಕೂ ಬಲಕ್ಕೂ ತಲೆಯಾಡಿಸಿದೆ. "ನೋಡ್ರೇ, ಹುಟ್ಟುತ್ತಲೇ ಬೇಡ ಬೇಡ ಅಂತಿದೆ" ಎಂದು ಅವಳು ನಕ್ಕಳು. ಏನು ಮಾಡಲಿ, ನನ್ನ ಕತ್ತಿಗೆ ಬರುವುದು ಅದೊಂದೇ ಮಾತು. ಹೌದು ಎನ್ನಲು ನನಗೆ ಯಾರೂ ಕಲಿಸಲಿಲ್ಲ.

ನನ್ನ ಮೊದಲ ಯಜಮಾನ ಬೇವಿನಪೇಟೆಯ ಬಟ್ಟೆ ಅಂಗಡಿಯ ಸಾಹುಕಾರ ಗುರುಶಾಂತಪ್ಪ. ಬೇವಿನಪೇಟೆ ಎಂದರೆ ಮಂಡಕ್ಕಿಗೆ ಹೆಸರಾದ ಊರು. ಬೇಸಿಗೆಯಲ್ಲಿ ಅಲ್ಲಿ ನೊಣ ಕೂಡ ನೆರಳು ಹುಡುಕುತ್ತದೆ. ಸಾಹುಕಾರರು ನನ್ನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡು, ಮೊದಲ ದಿನವೇ ಪಿನ್ನು ಮೇಲೆಳೆದರು. ಹನ್ನೊಂದು ವರ್ಷ ನಾನು ಅವರ ಮುಖ ಒಂದನ್ನೇ ನೋಡಿದೆ. ಸೀರೆ ಮಡಚುವ ಹುಡುಗಿಯರು ಬೆವರು ಒರೆಸಿಕೊಳ್ಳುತ್ತಿದ್ದುದು ನನಗೆ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಆಮೇಲೆ ಅಂಗಡಿಗೆ ಏಸಿ ಬಂತು, ನಾನು ಹಳೇ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿ ತುಕ್ಕು ಹಿಡಿದ ಸೈಕಲ್‌ಗಳ ನಡುವೆ ಎರಡು ಮಳೆಗಾಲ ಕಳೆದೆ. ನನ್ನ ಕಥೆ ಇಷ್ಟೇ ಎಂದುಕೊಂಡಿದ್ದೆ.

ಆಗ ಬಂದಳು ಕೊಟ್ರವ್ವ.

ಅರವತ್ತು ದಾಟಿದ ಹೆಂಗಸು. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಹುರಿದವಳು. ಮೊಣಕೈವರೆಗೂ ಚರ್ಮ ಕಪ್ಪಾಗಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬರುತ್ತಿದ್ದ ಪಿಂಚಣಿಯಲ್ಲೇ ಬದುಕು. ದಿನಾ ಸಂಜೆಯ ಚಹಾ ಬಿಟ್ಟು ಒಂದು ವರ್ಷ ಕೂಡಿಸಿದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟು ನನ್ನನ್ನು ಕೊಂಡಳು. ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ಭಟ್ಟಿ ಓಣಿಗೆ ನಡೆದಳು.

ಓಣಿಯ ಬಾಯಲ್ಲೇ ಹಮಾಲಿ ಚೌಡಪ್ಪ ಎದುರಾದ. ಮೈಗಟ್ಟಿ, ಮಾತು ಒರಟು.

"ಏನ್ ದೊಡ್ಡವ್ವಾ, ಪಿಂಚಣಿ ದುಡ್ಡಾಗೆ ಫ್ಯಾನಾ? ಸರ್ಕಾರದೋರು ಅಕ್ಕಿ ಬೇಳೆಗೆ ಅಂತ ಕೊಟ್ರೆ ನೀನು ಗಾಳಿ ತಿಂತೀಯಾ?"

"ಮೂವತ್ತು ವರ್ಷ ಬೆಂಕಿ ಮುಂದೆ ಕುಂತೀನಿ ಕಣೋ ಚೌಡ. ಇನ್ನಾದ್ರೂ ಗಾಳಿ ಮುಂದೆ ಕುಂದ್ರಬಾರ್ದಾ?"

ಚೌಡಪ್ಪ ನಗುತ್ತ ದಾರಿ ಬಿಟ್ಟ. ನನಗೋ ಹೆಮ್ಮೆಯಿಂದ ರೆಕ್ಕೆ ತಾನಾಗಿಯೇ ಒಂದು ಸುತ್ತು ತಿರುಗಿತು. ಗಾಳಿ ಬೀಸಿರಬೇಕು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಮನೆ ಎಂದರೆ ಒಂದೇ ಕೋಣೆ, ಮೇಲೆ ತಗಡು. ಕೊಟ್ರವ್ವ ನನ್ನನ್ನು ಅಕ್ಕಿ ಡಬ್ಬಿಯ ಮೇಲೆ ಕೂರಿಸಿ, ಪ್ಲಗ್ ಹಾಕಿ, ಮೊದಲು ಮಾಡಿದ ಕೆಲಸವೇನು ಗೊತ್ತೇ? ಪಿನ್ನು ಒತ್ತಿದಳು. ಹನ್ನೊಂದು ವರ್ಷ ಬಿಗಿದಿದ್ದ ಕತ್ತು ಕಟಕಟ ಎಂದಿತು. ಆಮೇಲೆ ತಿರುಗಿತು. ಮೊದಲ ಸಲ ನಾನು ಒಂದು ಇಡೀ ಕೋಣೆಯನ್ನು ನೋಡಿದೆ. ಖುಷಿಗೆ ಅತ್ತುಬಿಡುತ್ತಿದ್ದೆ, ಫ್ಯಾನಿಗೆ ಕಣ್ಣೀರು ಕೊಟ್ಟಿಲ್ಲ ಅಷ್ಟೇ.

ಅಂದಿನಿಂದ ಭಟ್ಟಿ ಬಿಟ್ಟ ಮಧ್ಯಾಹ್ನಗಳಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಮನೆಗೇ ಬರತೊಡಗಿದರು. ಪಕ್ಕದ ಮನೆಯ ಜೈಬುನ್ನೀಸಾ ಹೊಲಿಗೆಯ ಬಟ್ಟೆ ತರುತ್ತಿದ್ದಳು. ಅವಳ ಗಂಡನಿಗೆ ಕಾಲಿಲ್ಲ, ಅವನಿಗೂ ಪಿಂಚಣಿ ಬರುತ್ತಿತ್ತು. ನಾನು ಒಬ್ಬೊಬ್ಬರ ಹಣೆಯ ಬೆವರನ್ನೂ ಸರದಿಯ ಮೇಲೆ ಆರಿಸುತ್ತಿದ್ದೆ. ಕೊಟ್ರವ್ವನ ಉಸಿರಿನ ಸಿಳ್ಳೆ ಕಡಿಮೆಯಾಯಿತು. ಮಧ್ಯಾಹ್ನ ಅವಳು ನಿದ್ದೆ ಮಾಡುವುದನ್ನು ಕಲಿತಳು.

ಹೆಂಗಸರು ಇನ್ನೂ ಭಟ್ಟಿಯಿಂದ ಬಾರದಿದ್ದ ಒಂದು ಮಧ್ಯಾಹ್ನ ಅನಾಹುತಕ್ಕೆ ಬೀಜ ಬಿತ್ತು. ಸೊಳ್ಳೆಮರಿ ಹುಡುಕುವ ಆರೋಗ್ಯ ಕಾರ್ಯಕರ್ತೆ ಒಬ್ಬಳು ಓಣಿಗೆ ಬಂದಳು. ಎಲ್ಲರ ಮನೆಯ ಬಾಗಿಲೂ ಮುಚ್ಚಿತ್ತು, ನಮ್ಮದೊಂದೇ ತೆರೆದಿತ್ತು. ಅವಳು ಹೊರಗಿದ್ದ ನೀರಿನ ಡ್ರಮ್ಮಿಗೆ ಇಣುಕಿದಳು, ಮಲಗಿದ್ದ ಕೊಟ್ರವ್ವನನ್ನು ಎಬ್ಬಿಸಲು ಮನಸ್ಸಾಗದೆ, ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ಸಹಿ ಗೀಚಿ ಹೋದಳು. ನೋಡಿದ್ದು ನಾನೊಬ್ಬನೇ.

ವಾರ ಕಳೆಯುವುದರೊಳಗೆ ಓಣಿಯಲ್ಲಿ ಸುದ್ದಿ ಹಬ್ಬಿತು. ಮಂಗಳವಾರ ಪಿಂಚಣಿ ತಪಾಸಣೆಗೆ ಮನೆ ಮನೆಗೆ ಸಾಹೇಬರು ಬರುತ್ತಾರಂತೆ. ಯಾರ ಮನೆಯಲ್ಲಿ ಮಿಕ್ಸಿ, ಟಿವಿ, ಫ್ಯಾನು ಕಂಡರೂ ಅವರು ಬಡವರಲ್ಲ ಎಂದು ಬರೆಯುತ್ತಾರಂತೆ. ಹೇಳಿದವರು ಯಾರು, ಗೊತ್ತಿಲ್ಲ. ಆದರೆ ಓಣಿಗೆ ಓಣಿಯೇ ನಡುಗಿತು.

"ಬಚ್ಚಿಡಾನ ಅಂದ್ರೆ ಎಲ್ಲಿ ಬಚ್ಚಿಡೋದು?" ಎಂದಳು ಜೈಬುನ್ನೀಸಾ. "ಎಲ್ಲಾರ ಮನೀಗೂ ಬರ್ತಾರಲ್ಲ."

ಚೌಡಪ್ಪ ನಮ್ಮ ಬಾಗಿಲ ಚೌಕಟ್ಟು ತೋರಿಸಿದ. "ದೊಡ್ಡವ್ವ ಮಲಗಿದ್ದಾಗ ಮನೀಗೆ ಬಂದು ಹೋಗ್ಯಾರೆ ನೋಡು. ತಾರೀಖು ಹಾಕ್ಯಾರೆ, ಸೈನ್ ಮಾಡ್ಯಾರೆ. ಇನ್ನ ಈ ಮನೀಗೆ ಬರಲ್ಲ. ಎಲ್ಲಾ ತಂದು ಇಲ್ಲಿಡ್ರಿ!"

ನಾನು ಇಲ್ಲ ಇಲ್ಲ ಎಂದು ಜೋರಾಗಿ ತಲೆಯಾಡಿಸಿದೆ. "ಈ ಫ್ಯಾನ್ ಒಂದು, ಗಡಗಡ ಅಂತೈತೆ" ಎಂದು ಚೌಡಪ್ಪ ನನ್ನ ಗುಂಡಿ ಒತ್ತಿ ಬಾಯಿ ಮುಚ್ಚಿಸಿದ.

ಮಂಗಳವಾರ ಬೆಳಗಾಗುವಷ್ಟರಲ್ಲಿ ನಮ್ಮ ಒಂದು ಕೋಣೆಯಲ್ಲಿ ನಾಲ್ಕು ಮಿಕ್ಸಿ, ಎರಡು ಟಿವಿ, ಓಡದ ಮೂರು ಫ್ಯಾನು, ಕೆಟ್ಟು ಕೂತ ಒಂದು ಕೂಲರ್, ಜೈಬುನ್ನೀಸಾಳ ಹೊಲಿಗೆ ಯಂತ್ರ, ಚೌಡಪ್ಪನ ಇಸ್ತ್ರಿ ಪೆಟ್ಟಿಗೆ. ಕೊಟ್ರವ್ವನಿಗೆ ಕಾಲು ಚಾಚಲು ಜಾಗವಿಲ್ಲ. ಪಕ್ಕದಲ್ಲಿ ಕೂತ ಒಂದು ಮಿಕ್ಸಿ, ತನಗೆ ಮೂರು ಜಾರ್ ಇವೆ ಎಂದು ನನ್ನ ಹತ್ತಿರ ಜಂಬ ಬೇರೆ ಕೊಚ್ಚಿಕೊಂಡಿತು.

ಹತ್ತು ಗಂಟೆಗೆ ಸಾಹೇಬರು ಬಂದರು. ಹೆಸರು ನಿರಂಜನಮೂರ್ತಿ, ಕೈಯಲ್ಲಿ ಫೈಲು, ಕುತ್ತಿಗೆಯಲ್ಲಿ ಕರವಸ್ತ್ರ. ಓಣಿಯ ಮೊದಲ ಮನೆ ನಮ್ಮದೇ. ಬಾಗಿಲು ತಳ್ಳಿದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಜ್ಜೀ, ಇದು ಮನೆನೋ ಅಂಗಡಿನೋ? ಇದೆಲ್ಲಾ ಯಾರದು?"

ಓಣಿಯ ಹೆಂಗಸರು ಹೊರಗೆ ನಿಂತಿದ್ದರು. ಜೈಬುನ್ನೀಸಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೊಟ್ರವ್ವ ಅವರನ್ನೊಮ್ಮೆ ನೋಡಿದಳು.

"ನಂದೇ" ಎಂದಳು.

"ಎಲ್ಲಾ?"

"ಎಲ್ಲಾ ನಂದೇ."

"ನಾಲ್ಕು ಮಿಕ್ಸಿ ಇಟ್ಕೊಂಡು ಏನ್ ಮಾಡ್ತೀರಿ?"

"ನಂಗೆ ಚಟ್ನಿ ಅಂದ್ರೆ ಇಷ್ಟ ಸಾಹೇಬ್ರೆ."

ಆ ಹೊತ್ತಿಗೆ ಸೆಖೆ ತಾಳಲಾರದೆ ಸಾಹೇಬರೇ ಒಳಗೆ ಬಂದು ನನ್ನನ್ನು ಓಡಿಸಿಕೊಂಡಿದ್ದರು. ಎಲ್ಲಾ ನಂದೇ ಎಂದು ಅವಳು ಹೇಳುವಾಗ ನಾನು ಅವರ ಕಣ್ಣೆದುರೇ ಇಲ್ಲ, ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದೆ. ನನ್ನ ಗಾಳಿಗೆ ಮುಖವೊಡ್ಡಿಕೊಂಡೇ ಅವರು ಫೈಲಿನಲ್ಲಿ ಬರೆದರು: ಮನೆಯಲ್ಲಿ ಐಷಾರಾಮಿ ವಸ್ತುಗಳಿವೆ, ಪಿಂಚಣಿ ನಿಲ್ಲಿಸಬಹುದು. ಇಷ್ಟು ಸಾಮಾನು ಕಂಡ ಮೇಲೆ ಬೇರೆ ಮನೆ ನೋಡುವ ಉತ್ಸಾಹವೂ ಅವರಿಗೆ ಉಳಿಯಲಿಲ್ಲ, ಹಾಗೇ ಹೊರಟುಹೋದರು. ಓಣಿ ಬದುಕಿತು. ಕೊಟ್ರವ್ವ ಮುಳುಗಿದಳು.

ಮುಂದಿನ ತಿಂಗಳು ಪಿಂಚಣಿ ಬರಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಕರೆಂಟು ಉಳಿಸಲು ಅವಳು ನನ್ನ ಪ್ಲಗ್ ಕಿತ್ತಳು. ಉಸಿರಿನ ಸಿಳ್ಳೆ ಮತ್ತೆ ಶುರುವಾಯಿತು. ಓಣಿಯವರು ಸರದಿಯ ಮೇಲೆ ಊಟ ತಂದರು. ಅವಳು ತಟ್ಟೆ ನೋಡುತ್ತ ಕೂರುತ್ತಿದ್ದಳು, ಉಣ್ಣುತ್ತಿರಲಿಲ್ಲ. ಒಂದು ದಿನ ಜೈಬುನ್ನೀಸಾ ತಡೆಯಲಾರದೆ ಅತ್ತೇಬಿಟ್ಟಳು.

"ನಮ್ಮಿಂದ ನಿಂಗೆ ಹಿಂಗಾತಲ್ಲ ದೊಡ್ಡವ್ವಾ. ಉಣ್ಣು, ನಾವ್ ನೋಡ್ಕಂತೀವಿ."

"ನೀವು ಕೊಟ್ರೆ ಹಂಗು ಕಣೇ ಜೈಬೂ. ಅದು ನನ್ ಪಿಂಚಣಿ. ಅದ್ರಾಗೆ ಚಟ್ನಿನಾದ್ರೂ ತಿಂತೀನಿ, ಗಾಳಿನಾದ್ರೂ ಕುಡೀತೀನಿ. ಯಾರ್ ಮುಖಾನೂ ನೋಡಂಗಿರಲಿಲ್ಲ."

ಜೈಬುನ್ನೀಸಾ ಕಣ್ಣೊರೆಸಿಕೊಂಡು ಎದ್ದಳು. ಮರುದಿನ ಪುರಭವನದಲ್ಲಿ ಪಿಂಚಣಿ ಅಹವಾಲಿನ ಸಭೆಯಿತ್ತು. ಅವಳು ಮನೆ ಮನೆಗೆ ಹೋಗಿ ಏನು ಹೇಳಿದಳೋ, ಬೆಳಿಗ್ಗೆ ನಾನು ಕಂಡ ದೃಶ್ಯವನ್ನು ಸಾಯುವವರೆಗೂ ಮರೆಯಲಾರೆ. ಭಟ್ಟಿ ಓಣಿಯ ಹೆಂಗಸರು ತಲೆಯ ಮೇಲೆ ತಮ್ಮ ತಮ್ಮ ಮಿಕ್ಸಿ ಹೊತ್ತು ಸಾಲಾಗಿ ಹೊರಟಿದ್ದರು. ಚೌಡಪ್ಪನ ಬೆನ್ನ ಮೇಲೆ ಕೂಲರ್, ಕಂಕುಳಲ್ಲಿ ಇಸ್ತ್ರಿ ಪೆಟ್ಟಿಗೆ. ಹೊಲಿಗೆ ಯಂತ್ರ ಕೈಗಾಡಿಯಲ್ಲಿ, ಟಿವಿಗಳು, ಫ್ಯಾನುಗಳು ಅದರ ಪಕ್ಕದಲ್ಲಿ. ಎಲ್ಲರ ಮುಂದೆ ಕೊಟ್ರವ್ವ, ಅವಳ ಸೊಂಟದ ಮೇಲೆ ನಾನು. ಪೇಟೆಯವರು ಮದುವೆಯ ಬೀಗರ ಮೆರವಣಿಗೆ ಎಂದುಕೊಂಡು ದಾರಿ ಬಿಟ್ಟರು.

ಪುರಭವನ ಕಾದ ಹಂಚಿನ ಹಾಗಿತ್ತು. ಹಿರಿಯ ಅಧಿಕಾರಿ ಮಂದಾಕಿನಿ ಮೇಡಂ ಮೇಜಿನ ಹಿಂದೆ ಕೂತಿದ್ದರು, ಪಕ್ಕದಲ್ಲಿ ನಿರಂಜನಮೂರ್ತಿ ಸಾಹೇಬರು. ಅವರ ತಲೆಯ ಮೇಲೊಂದು ಫ್ಯಾನು ತಿರುಗುತ್ತಿತ್ತು. ಜನರು ಕೂತ ಕಡೆ ಇದ್ದದ್ದು ಫ್ಯಾನಿಲ್ಲದ ಬರೀ ಕೊಕ್ಕೆಗಳು.

"ಏನಮ್ಮಾ ಇದೆಲ್ಲಾ?" ಎಂದರು ಮೇಡಂ.

ಜೈಬುನ್ನೀಸಾ ಮುಂದೆ ಬಂದಳು. ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟಳು. "ಈ ಮಿಸಿನ್ನು ನಂದು ಮೇಡಂ. ದೊಡ್ಡವ್ವಂದಲ್ಲ. ಈ ಮಿಕ್ಸೀನೂ ನಂದು. ಪಿಂಚಣಿ ತೆಗೀತೀರಾ? ನಮ್ ಮನೆಯವರ ಪಿಂಚಣಿ ತೆಗೀರಿ." ಅವಳ ಹಿಂದೆ ಚೌಡಪ್ಪ. "ಕೂಲರ್ ನಮ್ಮವ್ವಂದು. ವಿಧವಾ ಪಿಂಚಣಿ ಆಕೀಗೂ ಬರ್ತೈತೆ. ಬರ್ಕಳ್ರಿ." ಒಬ್ಬೊಬ್ಬರಾಗಿ ಎಲ್ಲರೂ ಬಂದು ತಮ್ಮ ತಮ್ಮ ಸಾಮಾನಿನ ಮೇಲೆ ಕೈಯಿಟ್ಟು ನಿಂತರು. ಕೊನೆಗೆ ಯಾರೂ ಕೈಯಿಡದೆ ಉಳಿದದ್ದು ನಾನೊಬ್ಬನೇ.

"ಈ ಫ್ಯಾನ್ ಮಾತ್ರ ನಂದು" ಎಂದಳು ಕೊಟ್ರವ್ವ. "ಅವತ್ತು ಎಲ್ಲಾ ನಂದೇ ಅಂದಿದ್ದು ಸುಳ್ಳು. ಇದು ನಿಜ."

ನಿರಂಜನಮೂರ್ತಿಯವರಿಗೆ ಸಿಟ್ಟು ಬಂದಿತ್ತು. ಸುಳ್ಳು ಕೇಳಿದವರಿಗೆ ಬರಬೇಕಾದದ್ದೇ. "ಮೇಡಂ, ಒಂದಾದ್ರೇನು ಹತ್ತಾದ್ರೇನು? ಪಿಂಚಣಿ ಕೊಡೋದು ಗಂಜಿಗೆ, ಫ್ಯಾನಿಗಲ್ಲ."

ಕೊಟ್ರವ್ವ ನನ್ನನ್ನು ಮೇಜಿನ ಮೇಲಿಟ್ಟಳು.

"ಸಾಹೇಬ್ರೆ, ನೀವು ಕೊಡೋದು ನಾನು ಸಾಯದಂಗೆ ಇರಾಕಾ, ಬದುಕಾಕಾ? ಸಾಯದಂಗೆ ಇರಾಕೆ ಗಂಜಿ ಸಾಕು, ಒಪ್ತೀನಿ. ಬದುಕಾಕೆ ಒಂದಿಷ್ಟು ಗಾಳಿ ಬೇಕು. ಹಾಲು ಹಾಕಿದ ಚಾ ಬೇಕು. ಮನೀಗೆ ಬಂದೋರಿಗೆ ಕುಂದ್ರು ಅನ್ನಾಕೆ ಒಂದು ಚಾಪೆ ಬೇಕು. ನಾನೇನ್ ಅರಮನೆ ಕೇಳಿದ್ನಾ? ನಿಮ್ ತಲೆ ಮ್ಯಾಲೂ ಒಂದು ತಿರುಗ್ತಾ ಐತೆ. ಅದನ್ನ ನೋಡಿ ನಿಮ್ ಸಂಬಳ ಯಾರಾದ್ರೂ ನಿಲ್ಲಿಸ್ಯಾರಾ?"

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಮೇಡಂ ತಲೆಯೆತ್ತಿ ತಮ್ಮ ಮೇಲಿನ ಫ್ಯಾನನ್ನು ನೋಡಿದರು, ಜನರ ಮೇಲಿನ ಕೊಕ್ಕೆಗಳನ್ನು ನೋಡಿದರು. ನಿಯಮದ ಪುಸ್ತಕ ತೆಗೆದು ಸಾಹೇಬರ ಮುಂದಿಟ್ಟರು.

"ಫ್ಯಾನ್ ಇದ್ರೆ ಪಿಂಚಣಿ ಇಲ್ಲ ಅಂತ ಎಲ್ಲಿ ಬರೆದಿದೆ, ಓದಿ."

ಸಾಹೇಬರು ಹಾಳೆ ತಿರುಗಿಸಿದರು. ಫ್ಯಾನೂ ಇರಲಿಲ್ಲ, ಮಿಕ್ಸಿಯೂ ಇರಲಿಲ್ಲ. "ಎಲ್ಲಾರೂ ಹಂಗೇ ಅಂತಿದ್ರು ಮೇಡಂ" ಎಂದರು ಮೆಲ್ಲಗೆ. ಓಣಿಯವರು ಕೇಳಿ ನಡುಗಿದ ಅದೇ ಗಾಳಿಸುದ್ದಿಯನ್ನು ಅವರೂ ನಂಬಿಕೊಂಡಿದ್ದರು! ಓಣಿಯವರು ಮುಖ ಮುಖ ನೋಡಿಕೊಂಡರು. ಚೌಡಪ್ಪ ಕೂಲರ್ ಕೆಳಗಿಟ್ಟು ಬೆನ್ನು ಸವರಿಕೊಂಡ.

ಮೇಡಂ ಅಲ್ಲೇ ಆದೇಶ ಬರೆದರು. ನಿಂತ ತಿಂಗಳುಗಳದ್ದೂ ಸೇರಿ ಕೊಟ್ರವ್ವನ ಪಿಂಚಣಿ ಮತ್ತೆ ಬರಬೇಕು. ಫ್ಯಾನು, ಮಿಕ್ಸಿ, ಹೊಲಿಗೆ ಯಂತ್ರ ಕಂಡ ಮಾತ್ರಕ್ಕೆ ಯಾರ ಪಿಂಚಣಿಗೂ ಕೈ ಹಾಕಬಾರದು. ಅದನ್ನು ದೊಡ್ಡಕ್ಷರದಲ್ಲಿ ಕಚೇರಿಯ ಗೋಡೆಗೆ ಅಂಟಿಸಬೇಕು. ಕೊಟ್ರವ್ವ ಕೈ ಮುಗಿಯಲಿಲ್ಲ. ಮೇಜಿನ ಪಕ್ಕದ ಪ್ಲಗ್ಗಿಗೆ ನನ್ನ ವೈರು ಸಿಕ್ಕಿಸಿ, ನನ್ನನ್ನು ಜನರ ಕಡೆ ತಿರುಗಿಸಿ, ಪಿನ್ನು ಒತ್ತಿದಳು. ಆ ದಿನ ನಾನು ಬೀಸಿದ ಹಾಗೆ ಜನ್ಮದಲ್ಲಿ ಬೀಸಿರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಸೆರಗುಗಳು ಹಾರಿದವು.

ಆರು ವರ್ಷಗಳಾದವು. ನಾನೀಗ ಮುದುಕ. ಒಂದು ರೆಕ್ಕೆ ಬದಲಾಗಿದೆ, ಬಣ್ಣ ಹೋಗಿದೆ. ಹೋದ ಬೇಸಿಗೆಯಲ್ಲಿ ಕತ್ತಿನ ಸ್ಕ್ರೂ ಸವೆದು ಸಡಿಲವಾಯಿತು. ಅಂದಿನಿಂದ ತಲೆ ಪಕ್ಕಕ್ಕೆ ತಿರುಗುವುದು ಕಡಿಮೆ, ಓಡುವಾಗ ಮೇಲೆ ಕೆಳಗೆ ಆಡುವುದೇ ಹೆಚ್ಚು. ಹೊಸದು ತರೋಣ ಎಂದು ಜೈಬುನ್ನೀಸಾ ಹೇಳುತ್ತಲೇ ಇರುತ್ತಾಳೆ. ಕೊಟ್ರವ್ವ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವಳ ಉಸಿರು ಚೆನ್ನಾಗಿದೆ, ಸಂಜೆಯ ಚಹಾ ವಾಪಸು ಬಂದಿದೆ.

ಮೊನ್ನೆ ಮಧ್ಯಾಹ್ನ ತಪಾಸಣೆಗೆಂದು ನಿರಂಜನಮೂರ್ತಿ ಸಾಹೇಬರು ಮತ್ತೆ ಬಂದರು. ಕೂದಲು ನೆರೆತಿತ್ತು, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕೊಟ್ರವ್ವ ಚಾಪೆ ಹಾಸಿ, "ಕುಂದ್ರಿ ಸಾಹೇಬ್ರೆ" ಎಂದು ನನ್ನನ್ನು ಓಡಿಸಿ ಚಹಾಕ್ಕೆ ಇಟ್ಟಳು. ಅವರು ನನ್ನ ಮುಂದೆ ಕೂತು ಕಣ್ಣು ಮುಚ್ಚಿಕೊಂಡರು. ಬೆವರು ಆರಿದ ಮೇಲೆ ಫೈಲು ಬಿಚ್ಚಿ, ಅಗತ್ಯ ವಸ್ತುಗಳು ಎಂಬಲ್ಲಿ ಫ್ಯಾನು ಒಂದು ಎಂದು ಬರೆದರು. ನಗುತ್ತ ಕೇಳಿದರು:

"ಅಜ್ಜೀ, ಇದು ನಿಮ್ಮದೇನಾ?"

"ನಂದೇ" ಎಂದಳು ಕೊಟ್ರವ್ವ.

ನಾನು ಅವರ ಕಣ್ಣೆದುರೇ, ಹುಟ್ಟಿದಂದಿನಿಂದ ಹೇಳಲಾಗದಿದ್ದ ಆ ಮಾತನ್ನು ತಲೆಯಾಡಿಸಿ ಹೇಳಿದೆ: ಹೌದು, ಹೌದು, ಹೌದು.