ಆಟೋಕ್ಕ ಇಟ್ಟ ಪಂಪು

ಶಹಾಪುರದ ಮೋಟರ್ ರಿವೈಂಡಿಂಗ್ ಭಗವಂತರಾಯಗ ದೋಸ್ತ ಅಂತ ಇದ್ದವ ಒಬ್ಬನೇ ನೋಡ್ರಿ, ಸುರಪುರದ ಡೀಸಲ್ ಮಿಸ್ತ್ರಿ ಹಣಮೇಶ. ಆ ಒಬ್ಬನೂ ಎಂಟು ತಿಂಗಳಿಂದ ಬರೋದು ಬಿಟ್ಟಿದ್ದ.

ಇಬ್ಬರೂ ಕೂಡಿ ಏನು ಮಾಡಾಕತ್ತಿದ್ರು ಅಂದ್ರ ನೀವು ನಗ್ತೀರಿ. ಇಮಾನ ಕಟ್ಟಾಕತ್ತಿದ್ರು. ಹೌದ್ರಿ, ಹಾರೋ ಇಮಾನ! ಬಂದಾದ ಹತ್ತಿ ಮಿಲ್ಲಿನ ಶೆಡ್ಡಿನಾಗ, ಹಳೇ ಕಾರಿನ ಇಂಜಿನ್ ಇಟ್ಕೊಂಡು, ಐತ್ವಾರಕ್ಕೊಮ್ಮಿ, ಒಂಬತ್ತು ವರ್ಷ. ರೆಕ್ಕಿ ಆದ್ವು, ಗಾಲಿ ಆದ್ವು, ಮುಂದಿನ ಫ್ಯಾನೂ ಆತು. ಕಡೀಗಿ ಜಗಳ ಬಿದ್ದದ್ದು ಇಂಜಿನ್ನಿಗಿ ತಂಪು ನೀರು ತಿರುಗಿಸೋ ಅಂಗೈಯಷ್ಟು ಪಂಪಿನ ಮ್ಯಾಲ.

"ಇಂಜಿನ್ ತಿರಗಿದ್ರ ಬೆಲ್ಟ್ ತಿರಗ್ತದ, ಬೆಲ್ಟ್ ತಿರಗಿದ್ರ ಪಂಪ್ ತಿರಗ್ತದ. ಇದ್ದದ್ದೇ ಇರ್ಲಿ," ಅಂದ ಹಣಮೇಶ.

"ಬೆಲ್ಟ್ ಹರಿದ್ರ ಮುಗೀತಲೇ. ಕರೆಂಟಿನ ಪಂಪ್ ಹಗುರ," ಅಂದ ಭಗವಂತರಾಯ. "ಇಂಜಿನ್ ಬಂದಾದ್ರೂ ಬಿಸಿ ಏರಿದ್ರ ತಾನೇ ಚಾಲೂ ಆಗ್ತದ. ಹೊಲದಾಗ ಸ್ಟಾರ್ಟರ್ ಆಟೋಕ್ಕ ಇಟ್ಟಂಗ."

"ಮ್ಯಾಲ ಕರೆಂಟ್ ಹೋದ್ರ ಯಾರಿಗಿ ಫೋನ್ ಹಚ್ತಿ ಭಗವಂತಣ್ಣ, ಲೈನ್‌ಮನ್‌ಗೇನು?"

ಅಲ್ಲೀತನಕ ಚಾಷ್ಟಿನೇ ಇತ್ತು. ಆದ್ರ ಭಗವಂತರಾಯನ ಬಾಯಿ ಸುಮ್ನಿರಬೇಕಲ್ಲ! "ಕರೆಂಟ್ ಅಂದ್ರ ನಿನಗ ಜೀವ ಡವಡವ ಅಂತದ. ಅಂಜುಬುರುಕ!" ಅಂದುಬಿಟ್ಟ. ಹಣಮೇಶ ಬೋಲ್ಟ್ ಬಿಗಿಯೋ ಪಾನಾ ಕೆಳಗಿಟ್ಟ, ಕೈ ಒರಸ್ಕೊಂಡ, ಗಾಡಿ ಚಾಲೂ ಮಾಡಿ ಹೋದ. ಆಮ್ಯಾಲ ಫೋನ್ ಹಚ್ಚಿದ್ರ ಎತ್ತಲಿಲ್ಲ.

ಭಗವಂತರಾಯ ಮದಿವಿ ಆದವನಲ್ಲ. ದುಕಾನಕ್ಕ ಬಂದವರು ಸುಟ್ಟ ಮೋಟರಿನ ಮಾತಾಡಿ ಹೋಗ್ತಿದ್ರು, ಅಷ್ಟೇ. ಐತ್ವಾರ ಮುನ್ನಿಬೀ ಹೋಟೆಲಿನಾಗ ಬಾಯಿ ತಪ್ಪಿ "ಎರಡು ಚಾ ಪಾರ್ಸಲ್" ಅಂದುಬಿಡ್ತಿದ್ದ. ತಿದ್ದಾಕ ನಾಚಿಕಿ ಬಂದು ಎರಡೂ ಶೆಡ್ಡಿಗಿ ತಂದು, ಒಂದು ಬಿಸಿ, ಒಂದು ಆರಿದ್ದು, ತಾನೇ ಕುಡೀತಿದ್ದ. ಸಿಟ್ಟು ಇತ್ತು. ಸಂಕಟ ಅದಕ್ಕಿಂತ ಜಾಸ್ತಿ ಇತ್ತು. ದೋಸ್ತ ಒಮ್ಮಿ ಬಂದ್ರ ಸಾಕು, ಇಮಾನ ಹಾರದಿದ್ರೂ ನಡೀತದ ಅನ್ನಂಗಾಗಿತ್ತು.

ಒಂದು ಐತ್ವಾರ ಮುಂಜಾನಿ ಹಠಕ್ಕ ಬಿದ್ದು ತನ್ನ ಕರೆಂಟಿನ ಪಂಪ್ ಕೂಡಿಸಿ ಇಂಜಿನ್ ಚಾಲೂ ಮಾಡಿದ. ಹತ್ತು ಮಿನಿಟ್ ಛಲೋ ಓಡ್ತು. "ನೋಡಲೇ ಹಣಮ್ಯಾ!" ಅಂತ ಒದರಿದ. ಶೆಡ್ಡಿನಾಗ ಯಾರೂ ಇರಲಿಲ್ಲ.

ಇಂಜಿನ್ ಬಂದ್ ಮಾಡಿದ, ಪಂಪೂ ನಿಂತಿತು. ಪಂಪಿನ ಪೈಪು ಸಡಿಲಾಗಿದ್ದು ಕಂಡು ಬಿಗಿಯಾಕ ಕೈ ಹಾಕಿದ. ಅಷ್ಟರಾಗ ಬಿಸಿ ಏರಿ ಸ್ವಿಚ್ಚು ಟಕ್ ಅಂತು, ಕೈಯಾಗಿನ ಪಂಪು ತಾನಾಗೇ ಗುಂಯ್ ಅಂತ ತಿರಗಿತು. ಭಗವಂತರಾಯ ಬೆಚ್ಚಿ ಹಿಂದ ಬಿದ್ದ.

ಏನೂ ಆಗಿರಲಿಲ್ಲ. ಬ್ಯಾಟರಿಯ ಹನ್ನೆರಡು ವೋಲ್ಟ್ ಏನು ಮಾಡ್ತದ? ಆದ್ರ ಬಿದ್ದಲ್ಲಿಂದ ಏಳಲಿಲ್ಲ. ಹಣಮೇಶನ ಅಣ್ಣ ದ್ಯಾವಪ್ಪ ನೆನಪಾದ. ಹದಿನಾಲ್ಕು ವರ್ಷದ ಹಿಂದ, ದೇವಾಪುರದ ಹೊಲದಾಗ, ಕರೆಂಟ್ ಇಲ್ಲಂತ ಬಾವಿಗಿಳಿದು ಮೋಟರಿನ ವೈರ್ ಬಿಗಿಯಾಕತ್ತಿದ್ದ. ನಮ್ಮ ಕಡಿ ಹೊಲದ ಕರೆಂಟ್ ಯಾವಾಗ ಬರ್ತದಂತ ಯಾರಿಗೂ ಗೊತ್ತಿಲ್ಲ. ಅದಕ್ಕ ಎಲ್ಲರೂ ಸ್ಟಾರ್ಟರ್ ಆಟೋಕ್ಕ ಇಟ್ಟು ಹೋಗಿಬಿಡ್ತಾರ, ಬಂದಾಗ ಮೋಟರ್ ತಾನೇ ಚಾಲೂ ಆಗ್ಲಿ ಅಂತ. ಅವತ್ತೂ ಆಟೋದಾಗೇ ಇತ್ತು. ಕರೆಂಟ್ ಬಂತು, ದ್ಯಾವಪ್ಪ ಬಾವ್ಯಾಗೇ ಸತ್ತ.

ಆ ಆಟೋ ಕೂಡಿಸಿದವ ಇದೇ ಭಗವಂತರಾಯ. ಅಂಥವು ಇನ್ನೂರು ಕೂಡಿಸಿದ್ದ, ಅದೇ ಅವನ ರೊಟ್ಟಿ. ದ್ಯಾವಪ್ಪನ ಮಣ್ಣಿಗಿ ಹೋಗಿ ಬಂದಾಗ್ಲೂ ಆ ಕಡಿ ವಿಚಾರ ಮಾಡಿರಲಿಲ್ಲ. ಅಯ್ಯೋ ಶಿವನೇ, ಅಂಥವನ ತಮ್ಮಗ ಅಂಜುಬುರುಕ ಅಂದ್ನಲ್ಲ!

ಕರೆಂಟಿನ ಪಂಪ್ ಬಿಚ್ಚಿ ಒಗದ. ಹಣಮೇಶ ಎಣ್ಣಿ ಹಚ್ಚಿ ಹಳೇ ಧೋತರದಾಗ ಸುತ್ತಿಟ್ಟ ಬೆಲ್ಟಿನ ಪಂಪ್ ತಗದು ಕೂಡಿಸಿದ. ಆದ್ರ ಬೆಲ್ಟ್ ಬಿಗಿ ಮಾಡಾಕ ಒಬ್ಬ ಕಬ್ಬಿಣದ ಹಾರಿ ಹಾಕಿ ಡೈನಮೋ ಎಳದು ಹಿಡೀಬೇಕು, ಇನ್ನೊಬ್ಬ ಬೋಲ್ಟ್ ಬಿಗೀಬೇಕು. ಮೂರು ಸಲ ಹಾರಿ ಜಾರಿತು. ನಾಕನೇ ಸಲ ಹಾರಿ ಮುಟ್ಟಲಿಲ್ಲ, ಸುರಪುರದ ಬಸ್ ಹತ್ತಿದ.

ಹಣಮೇಶ ತನ್ನ ಗ್ಯಾರೇಜಿನಾಗ ಒಂದು ಟ್ರ್ಯಾಕ್ಟರಿನ ಕೆಳಗ ಮಲಗಿದ್ದ. ಬರೇ ಕಾಲು ಕಾಣ್ತಿದ್ವು. ದನಿ ಕೇಳಿದ್ರೂ ಹೊರಗ ಬರಲಿಲ್ಲ. ಭಗವಂತರಾಯ ಆ ಕಾಲಿನ ಮುಂದೇ ಕುಂತ.

"ಹಣಮ್ಯಾ, ನಿಮ್ಮಣ್ಣನ ಬಾವಿ ಮ್ಯಾಲ ಆಟೋ ಕೂಡಿಸಿದವ ನಾನಪ್ಪ. ನಂದು ತಪ್ಪಾತು."

ಪಾನಾ ಸಪ್ಪಳ ನಿಂತಿತು.

"ನೀ ಕೂಡಿಸಿದಿ, ಅಷ್ಟೇ," ಅಂತು ಕೆಳಗಿನ ದನಿ. "ಅವತ್ತು ಅದನ್ನ ಆಟೋಕ್ಕ ಇಟ್ಟು ಸಂತಿಗಿ ಹೋದವ ನಾನು. ಅಣ್ಣಗ ಹೇಳಿರಲಿಲ್ಲ. ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ಭಗವಂತರಾಯ ತಾ ಒಬ್ಬನೇ ಆಗೀನಿ ಅಂತ ಎಂಟು ತಿಂಗಳು ಅತ್ತಿದ್ದ. ಇವ ಹದಿನಾಲ್ಕು ವರ್ಷ ಒಬ್ಬನೇ ಇದ್ದ, ಎದುರಿಗೇ ಕುಂತು ಚಾ ಕುಡದ್ರೂ. ಭಗವಂತರಾಯ ಟ್ರ್ಯಾಕ್ಟರಿನ ಕೆಳಗ ಬಗ್ಗಿ ಅಂದ: "ಬೆಲ್ಟಿನ ಪಂಪ್ ಹಾಕೀನಿ. ಒಬ್ಬನ ಕೈಲೆ ಬಿಗಿ ಆಗವಲ್ದು."

ಹಣಮೇಶ ಹೊರಗ ಬಂದ. ಗಾಡಿ ತಗದ.

ಶೆಡ್ಡಿನಾಗ ಭಗವಂತರಾಯ ಹಾರಿ ಹಿಡಿದ, ಹಣಮೇಶ ಬೋಲ್ಟ್ ಬಿಗಿದ. ಇಂಜಿನ್ ಓಡಿಸಿ ಬಂದ್ ಮಾಡಿದ್ರು. ಇಂಜಿನ್ ನಿಂತಿತು, ಬೆಲ್ಟ್ ನಿಂತಿತು, ಅದರ ಕೂಡ ಪಂಪೂ ನಿಂತಿತು. ಹಣಮೇಶ ಮೆಲ್ಲಗ ಕೈ ಚಾಚಿ ಬೆಲ್ಟಿನ ಮ್ಯಾಲ ಇಟ್ಟ.

"ಇನ್ನ ತಾನೇ ತಿರಗಂಗಿಲ್ಲಲ್ಲ?"

"ಇಲ್ಲಪ್ಪ. ನಾವು ಚಾಲೂ ಮಾಡೋ ತನಕ ತಿರಗಂಗಿಲ್ಲ."

ಕೈ ಅಲ್ಲೇ ಇಟ್ಕೊಂಡು ಹಣಮೇಶ ಅಳಾಕತ್ತಿದ.