ಒಂದು ಅಂದ್ರೆ ಎಷ್ಟು

ಅವಳು ದಾರದಿಂದ ಸಾಬೂನು ಕತ್ತರಿಸುತ್ತಿದ್ದಳು. ಚಾಕುವಿನಿಂದ ಕೊಯ್ದರೆ ಪುಡಿಯಾಗಿ ಅರ್ಧ ನೀರುಪಾಲು. ದಾರ ಸುತ್ತಿ ಎಳೆದರೆ ಬೆಣ್ಣೆಯ ಹಾಗೆ ನಾಲ್ಕು ತುಂಡು. ಒಂದು ತುಂಡು ಒಂದು ವಾರಕ್ಕೆ. ತುಂಡುಗಳನ್ನು ತಗಡಿನ ಡಬ್ಬಿಯಲ್ಲಿ ಸಾಲಾಗಿ ಇಟ್ಟು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಡಗಡ ಎಂದಿತು. ಮುಚ್ಚಳ ತೆಗೆದು ತುಂಡುಗಳನ್ನು ಒಂದು ಬದಿಗೆ ಒತ್ತಿ ನೋಡಿದಳು. ಇನ್ನೊಂದು ಬದಿಯಲ್ಲಿ ಅವಳ ಹೆಬ್ಬೆರಳು ಸಲೀಸಾಗಿ ಇಳಿಯಿತು. ಹಿಂದೆಲ್ಲ ಆ ಡಬ್ಬಿಗೆ ಮುಚ್ಚಳ ಹಾಕಲು ಅಂಗೈಯಿಂದ ಗುದ್ದಬೇಕಿತ್ತು.

ಅದು ಬೆಲೆಗಳ ಕಚೇರಿ. ಅಂಗಡಿ ಅಂಗಡಿ ಸುತ್ತಿ ತಂದ ಮುನ್ನೂರು ಸಾಮಾನುಗಳ ಬೆಲೆ ಅಲ್ಲಿ ಒಟ್ಟುಗೂಡಿ, ತಿಂಗಳಿಗೊಮ್ಮೆ ಒಂದೇ ಒಂದು ಅಂಕಿಯಾಗಿ ಹೊರಬೀಳುತ್ತಿತ್ತು. ಆ ಅಂಕಿ ನೋಡಿಯೇ ದೇಶದ ದೊಡ್ಡ ಬ್ಯಾಂಕು ಬಡ್ಡಿ ಏರಿಸುವುದೋ ಇಳಿಸುವುದೋ, ಸರ್ಕಾರ ಸಂಬಳ ಹೆಚ್ಚಿಸುವುದೋ ಬಿಡುವುದೋ ತೀರ್ಮಾನಿಸುತ್ತಿದ್ದವು. ಅವಳ ಕೆಲಸ ಚಹಾ ಕೊಡುವುದು, ಲೋಟ ತೊಳೆಯುವುದು, ಕಸ ಗುಡಿಸುವುದು. ಆರು ವರ್ಷದಲ್ಲಿ ಅವಳು ಆಡಿದ ಮಾತು ಒಂದು ಬೊಗಸೆಯಷ್ಟಿದ್ದರೆ ಹೆಚ್ಚು. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಮೂಗಿ ಎನ್ನುತ್ತಿದ್ದರು.

"ಸಿಕ್ತಾ ಹೊಸ ಸೋಪು?" ಬಾಗಿಲಲ್ಲಿ ಸ್ಟೋರಿನವನು ನಿಂತಿದ್ದ. ಕಚೇರಿಯ ಪೆನ್ನು, ಕಾಗದ, ಸಾಬೂನು ಎಲ್ಲದಕ್ಕೂ ಬೀಗದ ಕೈ ಅವನದೇ. "ಮೊದಲು ಒಂದು ಸೋಪು ತಿಂಗಳು ಬರ್ತಿತ್ತು. ಈಗ ಐದು ತಿಂಗಳಿಂದ ಇಪ್ಪತ್ತೆರಡೇ ದಿನಕ್ಕೆ ಬಂದು ಕೈ ಒಡ್ತೀಯ. ಕುಡಿಯೋರು ಜಾಸ್ತಿ ಆಗಿಲ್ಲ, ಲೋಟ ಜಾಸ್ತಿ ಆಗಿಲ್ಲ. ಮತ್ತೆ ಸೋಪು ಎಲ್ಲಿಗೆ ಹೋಯ್ತು? ನೆಂಚಿಕೊಂಡು ತಿಂತೀಯಾ?"

ಅವಳು ಡಬ್ಬಿಯನ್ನು ಅವನ ಕಡೆ ಚಾಚಿದಳು.

"ಡಬ್ಬಿ ತೋರಿಸಿ ಏನು ಮಾಡ್ತೀಯ? ಮೀಟಿಂಗ್ ಮುಗೀಲಿ. ದೂರು ಇದೆ ಅಂತ ಮೇಡಂಗೆ ಆಗಲೇ ಹೇಳಿಟ್ಟಿದೀನಿ. ನಾಳೆಯಿಂದ ನೀನು ಮನೇಲೇ ಲೋಟ ತೊಳ್ಕೊಂಡಿರು."

ಅವನು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕದಿಯದವರ ಕೈಯೂ ಒಮ್ಮೊಮ್ಮೆ ಹೆಗಲಿಗೆ ಹೋಗುತ್ತದೆ. ಅವಳು ತನ್ನ ಚೀಲ ತೆಗೆದು ಒಳಗೆ ನೋಡಿಕೊಂಡಳು. ಒಂದು ಬಾಚಣಿಗೆ, ಮನೆಯ ಬೀಗದ ಕೈ, ಅಜ್ಜಿಯ ಮಾತ್ರೆ ಚೀಟಿ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕಳ್ಳಿ ಎಂಬ ಹೆಸರು ಹೊತ್ತವಳನ್ನು ಯಾರು ಒಳಗೆ ಬಿಡುತ್ತಾರೆ?

ಮೀಟಿಂಗ್ ಕೋಣೆಯಲ್ಲಿ ಎಂಟು ಜನ ಕೂತಿದ್ದರು. ಮೇಜಿನ ತುದಿಗೆ ದೊಡ್ಡ ಮೇಡಂ, ಬೆಳ್ಳಗಾದ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಮಧ್ಯಾಹ್ನ ಹನ್ನೆರಡಕ್ಕೆ ಅಂಕಿ ಬ್ಯಾಂಕಿಗೆ ಹೋಗಬೇಕು. ಅಂಕಿಗಳ ಅಧಿಕಾರಿ ಮದುವೆ ಮನೆಯ ಕಳೆಯಲ್ಲಿದ್ದ.

"ದೊಡ್ಡ ದೊಡ್ಡ ದೇಶಗಳೇ ಬೆಲೆ ಹಿಡಿಯೋಕಾಗದೆ ತಲೆ ಮೇಲೆ ಕೈ ಹೊತ್ತು ಕೂತಿವೆ ಮೇಡಂ. ಬಡ್ಡಿ ಏರಿಸಿದ್ರೆ ಕಾರ್ಖಾನೆ ಮುಚ್ತವೆ, ಇಳಿಸಿದ್ರೆ ಬೆಲೆ ಹಾರುತ್ತೆ. ನಮ್ಮಲ್ಲಿ ನೋಡಿ, ಐದು ತಿಂಗಳಿಂದ ಅಲುಗಾಡಿಲ್ಲ!"

"ಅದೇ ನನಗೆ ಅರ್ಥ ಆಗ್ತಿಲ್ಲ," ಎಂದರು ಮೇಡಂ. "ಇಲ್ಲಿ ಎಲ್ಲಾ ಸ್ಥಿರ. ನಮ್ಮ ಮನೇಲಿ ಮಾತ್ರ ಯಾವ ಸಾಮಾನೂ ತಿಂಗಳ ಕೊನೆ ಮುಟ್ಟಲ್ಲ. ಇನ್ನೊಂದು ಸಲ ಓದಿ."

"ಬಿಸ್ಕತ್ತು, ಒಂದು ಪೊಟ್ಟಣ, ಏರಿಕೆ ಇಲ್ಲ. ಹಲ್ಲುಪೇಸ್ಟು, ಒಂದು, ಏರಿಕೆ ಇಲ್ಲ. ಪಾತ್ರೆ ಸಾಬೂನು, ಒಂದು, ಏರಿಕೆ ಇಲ್ಲ."

ಲೋಟ ಇಡುತ್ತಿದ್ದ ಅವಳ ಕೈ ನಿಂತಿತು.

"ಒಂದು ಅಂದ್ರೆ ಎಷ್ಟು ಮೇಡಂ?"

ಯಾರು ಮಾತಾಡಿದ್ದೆಂದು ಎಂಟೂ ಜನ ಸುತ್ತ ನೋಡಿದರು.

"ಅರೆ, ಮೂಗಿಗೆ ಬಾಯಿ ಬಂತು!" ಅಂಕಿಗಳ ಅಧಿಕಾರಿ ನಕ್ಕ. "ಒಂದು ಅಂದ್ರೆ ಒಂದೇ ಕಣಮ್ಮ. ಒಂದನೇ ಕ್ಲಾಸಿನಲ್ಲೇ ಹೇಳಿಕೊಡ್ತಾರೆ."

ಅವಳ ಕಿವಿ ಕೆಂಪಾಯಿತು. ಟ್ರೇಯನ್ನು ಹಾಗೇ ಬಿಟ್ಟು ಅವಳು ಹೊರಗೆ ನಡೆದಳು. ಹಿಂದಿನಿಂದ ನಗು ಕೇಳಿಸಿತು.

ಸ್ಟೋರಿನವನ ಮೇಜಿನ ಒಂದು ಕಾಲು ಗಿಡ್ಡ. ಎರಡು ವರ್ಷದ ಹಿಂದೆ ಅವನೇ ಅದರ ಕೆಳಗೆ ಏನೋ ತುರುಕಿದ್ದ. ದಿನಾ ಬಗ್ಗಿ ಗುಡಿಸುವವಳಿಗೆ ಅದೇನೆಂದು ಗೊತ್ತಿತ್ತು. ಅವಳು ಮೇಜನ್ನು ಭುಜದಿಂದ ಎತ್ತಿ, ಅದನ್ನು ಎಳೆದುಕೊಂಡಳು. ಮೇಜು ಧಡಕ್ಕನೆ ವಾಲಿ ಅವನ ಚಹಾ ರಿಜಿಸ್ಟರಿನ ಮೇಲೆ ಹರಿಯಿತು.

"ಏಯ್! ಏಯ್! ಏನೇ ಇದು?"

ಅವಳು ಆಗಲೇ ಟಪಾಲು ತೂಗುವ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದಿದ್ದಳು. ಅವನು ಒದ್ದೆ ರಿಜಿಸ್ಟರು ಹಿಡಿದು ಹಿಂದೆಯೇ ಓಡಿಬಂದ.

ಮೀಟಿಂಗ್ ಮೇಜಿನ ನಡುವೆ ತಕ್ಕಡಿ ಇಟ್ಟು, ಅಡುಗೆಕೋಣೆಯ ಡಬ್ಬಿಯಿಂದ ನಾಲ್ಕೂ ತುಂಡು ತಂದು ಸುರಿದಳು; ಅದರ ಹೊದಿಕೆಯನ್ನೂ ಪಕ್ಕಕ್ಕಿಟ್ಟಳು. ಮುಳ್ಳು ನೂರ ಅರವತ್ತಕ್ಕೆ ನಿಂತಿತು. ಅವುಗಳನ್ನು ತೆಗೆದು, ಸ್ಟೋರಿನವನ ಮೇಜಿನ ಕಾಲಡಿ ಇದ್ದ ಹಳೆಯ ಸಾಬೂನಿನ ಬಿಲ್ಲೆಯ ಧೂಳು ಒರೆಸಿ ಇಟ್ಟಳು. ಒಂದೇ ಹೆಸರು, ಒಂದೇ ಹಳದಿ ಕಾಗದ, ಒಂದೇ ಬೆಲೆ. ಎರಡು ವರ್ಷ ಒಣಗಿ ಕಲ್ಲಾದದ್ದು. ಮುಳ್ಳು ನೂರ ತೊಂಬತ್ತು ತೋರಿಸಿತು.

ಮೇಡಂ ಎರಡೂ ಹೊದಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಲೆಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರ ಓದಿದರು. "ಹಳೇದು ಇನ್ನೂರು ಗ್ರಾಂ. ಹೊಸದು ನೂರ ಅರವತ್ತು." ಕನ್ನಡಕ ತೆಗೆದರು. "ಕಂಪನಿಯವರು ಐದರಲ್ಲಿ ಒಂದು ಪಾಲು ಹೊಡೆದುಬಿಟ್ಟಿದಾರೆ ಕಣ್ರೀ. ಬೆಲೆ ನಿಂತಿಲ್ಲ. ಬಿಲ್ಲೆ ಸವೆದಿದೆ. ನಾವು 'ಒಂದು, ಒಂದು' ಅಂತ ಬರ್ಕೊಂಡು ಕೂತಿದೀವಿ."

"ಫಾರಂನಲ್ಲಿ ತೂಕದ ಕಾಲಮ್ಮೇ ಇಲ್ಲ ಮೇಡಂ..." ಅಧಿಕಾರಿಯ ದನಿ ಇಳಿದಿತ್ತು.

"ಒಂದನೇ ಕ್ಲಾಸಿನಲ್ಲಿ ಹೇಳಿಕೊಡಲಿಲ್ವೇನ್ರೀ?"

ಈ ಸಲ ನಗು ಬೇರೆ ಕಡೆ ತಿರುಗಿತು. ಮೇಡಂ ಬಾಗಿಲ ಕಡೆ ನೋಡಿದರು. "ನೀವೇನೋ ದೂರು ಇದೆ ಅಂತಿದ್ರಲ್ಲ ಬೆಳಿಗ್ಗೆ?"

ಸ್ಟೋರಿನವನು ರಿಜಿಸ್ಟರನ್ನು ಎದೆಗೆ ಒತ್ತಿಕೊಂಡ. ಚಹಾ ತೊಟ್ಟಿಕ್ಕುತ್ತಿತ್ತು. "ಏನಿಲ್ಲ ಮೇಡಂ. ನನ್ನ ಮೇಜು ಸ್ವಲ್ಪ ಅಲ್ಲಾಡ್ತಿದೆ, ಅಷ್ಟೇ."

"ಹೇಳಿ ಸಾರ್," ಎಂದಳು ಅವಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಸೋಪು ಎಲ್ಲಿಗೆ ಹೋಯ್ತು ಅಂತ ಕೇಳಿದ್ರಲ್ಲ. ಎಲ್ಲರ ಎದುರಿಗೆ ಕೇಳಿ."

ಅವನು ಒಮ್ಮೆ ತಕ್ಕಡಿ ನೋಡಿದ, ಒಮ್ಮೆ ಅವಳನ್ನು ನೋಡಿದ. "ತಪ್ಪಾಯ್ತಮ್ಮ," ಎಂದ. ಆರು ವರ್ಷದಲ್ಲಿ ಅವನ ಬಾಯಲ್ಲಿ ಅವಳು ಅಮ್ಮ ಆದದ್ದು ಅದೇ ಮೊದಲು.

ಮೇಡಂ ಆಗಲೇ ಫೋನು ಎತ್ತಿದ್ದರು. "ಬ್ಯಾಂಕಾ? ಇವತ್ತಿನ ಅಂಕಿ ಬರಲ್ಲ. ಹೌದು, ಹನ್ನೆರಡಕ್ಕೂ ಬರಲ್ಲ. ಯಾರು ತಡೆದರು ಅಂದ್ರೆ? ನಮ್ಮ ಕಚೇರಿಯವರೇ ಒಬ್ಬರು." ಫೋನಿಟ್ಟು ಕೂಗಿದರು: "ಫಾರಂನಲ್ಲಿ ಒಂದು ಅಂತ ಇರೋದನ್ನೆಲ್ಲಾ ಹೊಡೆದುಹಾಕಿ. ಎಲ್ಲಾ ಸಾಮಾನೂ ತರಿಸಿ, ಹಳೇ ಸ್ಟಾಕೂ ಹೊಸದೂ!"

ಗಂಟೆಯೊಳಗೆ ಕೋಣೆ ಸಂತೆಯಾಯಿತು. ಅಧಿಕಾರಿ ತೋಳು ಮಡಚಿ ಬಿಸ್ಕತ್ತು ತೂಗುತ್ತಿದ್ದ; ಸ್ಟೋರಿನವನು ಹಲ್ಲುಪೇಸ್ಟಿನ ಕೊಳವೆಗಳನ್ನು ಜೋಡಿಸುತ್ತಿದ್ದ. ಒಂದೊಂದು ಸಲ ಮುಳ್ಳು ನಿಂತಾಗಲೂ "ಕಮ್ಮಿ! ಇದೂ ಕಮ್ಮಿ!" ಎಂದು ಎಂಟು ಜನ ಪಂದ್ಯ ಗೆದ್ದವರ ಹಾಗೆ ಕೂಗುತ್ತಿದ್ದರು. ಅವರು ಕುಡಿದಿಟ್ಟ ಲೋಟಗಳು ಕಿಟಕಿಯ ಕಟ್ಟೆಯ ಮೇಲೆ, ಕುರ್ಚಿಯ ಕೆಳಗೆ, ಫಾರಂಗಳ ಮೇಲೆ ಸಾಲುಗಟ್ಟಿದ್ದವು. ಅವಳು ಒಂದೊಂದಾಗಿ ಆರಿಸಿ ಟ್ರೇ ತುಂಬಿಕೊಂಡು ಮೇಜಿನ ಬಳಿ ಬಂದು ನಿಂತಳು. ಅವಳ ನಾಲ್ಕು ತುಂಡುಗಳು ತಕ್ಕಡಿಯ ಪಕ್ಕದಲ್ಲಿ, ಮೇಡಂ ಸಾಕ್ಷಿಯೆಂದು ಮೊಹರು ಹಾಕಿದ ಬಿಳಿ ಕಾಗದದ ಮೇಲೆ ಕೂತಿದ್ದವು.

"ಆ ಸೋಪು ಸ್ವಲ್ಪ ಕೊಡ್ತೀರಾ?" ಎಂದು ಕೇಳಿದಳು.

ಮುಳ್ಳು ತೂಗಾಡುತ್ತಿತ್ತು. ಎಂಟೂ ತಲೆಗಳು ಅದರ ಮೇಲೇ ಬಾಗಿದ್ದವು. ಅವಳು ಟ್ರೇಯನ್ನು ಸೊಂಟಕ್ಕೆ ಆನಿಸಿಕೊಂಡು ದನಿ ಏರಿಸಿದಳು.

"ಸೋಪು ಕೊಡಿ. ಲೋಟ ತೊಳೀಬೇಕು."